ವಿಡಿಯೊ ಕಾಲ್‌ನಲ್ಲಿ ಇನ್ನು ನಮ್ಮ ಹಿಂದೆ ಲೋಗೊ ಇರುವುದಿಲ್ಲ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮವರು ಕಾಲ್‌ಗೆ ಬಂದಾಗ ಅವರ ಹಿಂದೆ ಸಾಫ್ಟ್‌ವೇರ್ ಹಾಕುತ್ತಿದ್ದ ನೀಲಿ ಲೋಗೊ ಚಿತ್ರ ಕಾಣಿಸುವುದಿಲ್ಲ, ಬರೀ ಗೋಡೆ ಕಾಣಿಸುತ್ತದೆ. ನಿಮಗೂ ನಾವು ‘ವರ್ಚುವಲ್ ಬ್ಯಾಕ್‌ಗ್ರೌಂಡ್ (ಹಿಂದೆ ಕಾಣುವ ಇಂಥ ನಕಲಿ ಚಿತ್ರ) ಹಾಕಿಕೊಳ್ಳಿ, ಮನೆ ಕಾಣುವುದಿಲ್ಲ’ ಅಂತ ಹೇಳುತ್ತಿದ್ದೆವಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇವೆ.

ಕಾರಣ ಹೇಳಲು ಸ್ವಲ್ಪ ಮುಜುಗರ. ಲೆಕ್ಕ ನೋಡಿಕೊಳ್ಳುವ ನಮ್ಮ ಹುಡುಗ ಕಾಲ್ ಮಧ್ಯೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದ. ಅಷ್ಟೇ. ಲೋಗೊ ಒಂದು ಕ್ಷಣ ಹರಿದ ಹಾಗಾಗಿ ಹಿಂದಿನ ಬೋರ್ಡ್ ಕಂಡಿತು, ಅದರ ಮೇಲೆ ಇನ್ನೊಬ್ಬ ಗ್ರಾಹಕರ ಹೆಸರು, ಅವರು ಕಟ್ಟಬೇಕಿದ್ದ ಮೊತ್ತ. ನೋಡಿದವರು ಒಳ್ಳೆಯವರು, ‘ಮೊದಲು ಆ ಬೋರ್ಡ್ ಒರೆಸಿ’ ಅಂತ ಅಲ್ಲೇ ಹೇಳಿದರು. ಬೋರ್ಡ್ ಮೇಲೆ ಹೆಸರಿದ್ದವರಿಗೆ ಅವತ್ತೇ ಫೋನ್ ಮಾಡಿ ಕ್ಷಮೆ ಕೇಳಿದೆವು.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ನಾವು ಪರದೆ ಅಂದುಕೊಂಡಿದ್ದು ಬರೀ ಊಹೆ. ಯಾವುದು ಮನುಷ್ಯ, ಯಾವುದು ಗೋಡೆ ಅಂತ ಸಾಫ್ಟ್‌ವೇರ್ ಪ್ರತಿ ಫ್ರೇಮ್‌ನಲ್ಲೂ, ಅಂದರೆ ವಿಡಿಯೊದ ಪ್ರತಿಯೊಂದು ಚಿತ್ರದಲ್ಲೂ, ಅಂದಾಜು ಮಾಡಿ ಕತ್ತರಿಸುತ್ತಿರುತ್ತದೆ. ಕೂದಲ ಅಂಚಲ್ಲಿ, ಬೆರಳ ಸಂದಿಯಲ್ಲಿ, ಕೈ ಬೀಸಿದಾಗ ಅಂದಾಜು ತಪ್ಪಿ ನಿಜವಾದ ಕೋಣೆಯ ಚೂರು ಇಣುಕುತ್ತದೆ. ಒಂದು ಚೂರಿಂದ ಏನೂ ತಿಳಿಯುವುದಿಲ್ಲ, ಸರಿ. ಆದರೆ ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಗಂಟೆಗೆ 1,08,000 ಫ್ರೇಮ್, ಯಾರಾದರೂ ರೆಕಾರ್ಡ್ ಮಾಡಿಕೊಂಡು ಚೂರುಗಳನ್ನೆಲ್ಲ ಜೋಡಿಸುತ್ತಾ ಹೋದರೆ ಕೋಣೆಯ ಒಂದಷ್ಟು ಭಾಗ ಮೂಡಿಬರುತ್ತದೆ. ಹೀಗೆ ಮಾಡಬಹುದು ಅಂತ 2021ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಹಿಂಬದಿಯನ್ನು ಮಸುಕು ಮಾಡುವ ಬ್ಲರ್ ಕೂಡ ಇದೇ ಅಂದಾಜಿನ ಮೇಲೆ ನಿಂತಿದೆ, ಸಾಲದ್ದಕ್ಕೆ ತೆಳುವಾಗಿ ಬ್ಲರ್ ಮಾಡಿದರೆ ವಸ್ತುಗಳ ಆಕಾರ ಹಾಗೇ ಗೊತ್ತಾಗುತ್ತದೆ.

ಕನ್ನಡಕದ ವಿಷಯ ಕೇಳಿದರೆ ನಗು ಬರುತ್ತದೆ, ಆದರೆ ನಿಜ. ನೀವು ನೋಡುತ್ತಿರುವ ಸ್ಕ್ರೀನ್ ನಿಮ್ಮ ಕನ್ನಡಕದ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಲ್ಯಾಬ್ ಪ್ರಯೋಗವೊಂದರಲ್ಲಿ ಸಾಧಾರಣ 720ಪಿ ಕ್ಯಾಮೆರಾದಲ್ಲೇ ಆ ಪ್ರತಿಬಿಂಬ ನೋಡಿ, ಸ್ಕ್ರೀನ್ ಮೇಲಿನ 10 ಮಿ.ಮೀ. ಎತ್ತರದ ಅಕ್ಷರಗಳನ್ನು ಶೇ. 75ಕ್ಕಿಂತ ಜಾಸ್ತಿ ಸರಿಯಾಗಿ ಗುರುತಿಸಿದ್ದಾರೆ. ಹಿಂದೆ ಎಂಥಾ ಚಿತ್ರ ಹಾಕಿದರೂ ಇದು ತಪ್ಪುವುದಿಲ್ಲ, ಅಲ್ವಾ?

ಹಾಗಾಗಿ ನಮ್ಮ ಬೋರ್ಡ್ ಈಗ ಕ್ಯಾಮೆರಾಗೆ ಸಿಗದ ಗೋಡೆಗೆ ಹೋಗಿದೆ. ನೀವು ಕೇಳದೆ ಯಾವ ಕಾಲ್ ಕೂಡ ರೆಕಾರ್ಡ್ ಮಾಡುವುದಿಲ್ಲ. ನಿಮ್ಮ ಕ್ಯಾಮೆರಾ ಮೊದಲ ಒಂದು ನಿಮಿಷ ಆನ್ ಇದ್ದರೆ ಸಾಕು, ನೀವೇ ಅಂತ ಖಾತ್ರಿಯಾದ ಮೇಲೆ ಆಫ್ ಮಾಡಿ. ಹಿಂದೆಲ್ಲ ಆನ್ ಇಡಿ ಅಂತ ನಾವೇ ಸುಮ್ನೆ ಒತ್ತಾಯ ಮಾಡುತ್ತಿದ್ದೆವು, ತಪ್ಪಾಯಿತು.

ಒಗೆದ ಬಟ್ಟೆ ಮುಚ್ಚಲು ಬ್ಯಾಕ್‌ಗ್ರೌಂಡ್ ಚಿತ್ರ ಧಾರಾಳವಾಗಿ ಹಾಕಿಕೊಳ್ಳಿ. ಬ್ಯಾಂಕ್ ಕಾಗದ, ಔಷಧಿ ಚೀಟಿ, ಮಕ್ಕಳ ಶಾಲೆಯ ಹೆಸರಿರುವ ಫೋಟೊ ಇಂಥವನ್ನು ಮಾತ್ರ ಕಾಲ್ ಶುರುವಾಗುವ ಮುಂಚೆ ಅಲ್ಲಿಂದ ಎತ್ತಿಡಿ. ವಿಡಿಯೊನೇ ಬೇಡ ಅನ್ನುವವರು ಹೇಳಿ, ಫೋನಿನಲ್ಲೇ ಮಾತಾಡೋಣ.

ಇಂತಿ,
ನಿಮ್ಮ ಲೆಕ್ಕ ನೋಡಿಕೊಳ್ಳುವವರು