ಬೇಲಿ ಕಟ್ಟಿದ ಹಾಗೆ ನಿಂತ ಬಂಡೆಗಳು

ಪ್ರೀತಿಯ ಗೆಳೆಯಾ,

ಮೊನ್ನೆ ಜಯನಗರದಲ್ಲಿ ಕಾಫಿ ಕುಡಿಯುವಾಗ ‘ಪ್ಯಾಲಿಸೇಡ್ಸ್’ ಅಂದ್ರೆ ಏನು ಅಂತ ಕೇಳಿದೆಯಲ್ಲ, 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯ ಸುದ್ದಿಯಲ್ಲಿ ಓದಿದ್ದು ಅಂತ. ನಾನು ಥಟ್ಟನೆ ‘ಪ್ರಪಾತ’ ಅಂದುಬಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲೇ ಅನ್ನಿಸಿತು, ಆ ಉತ್ತರ ಸರಿಯಿಲ್ಲ.

ಪ್ರಪಾತ ಅಂದಾಗ ನಾವು ಮೇಲೆ ನಿಂತಿರುತ್ತೇವೆ. ನಂದಿಬೆಟ್ಟದ ಟಿಪ್ಪು ಡ್ರಾಪ್ ಹತ್ತಿರ ಕೆಳಗೆ ಬಗ್ಗಿ ನೋಡಿದರೆ ಎದೆ ಝಲ್ಲೆನ್ನುತ್ತಲ್ಲ, ಅದು ಪ್ರಪಾತ. ಪ್ಯಾಲಿಸೇಡ್ಸ್ ನೋಡಲು ಕೆಳಗೆ, ಒಂದಿಷ್ಟು ದೂರ ನಿಲ್ಲಬೇಕು. ನದಿಯ ಅಥವಾ ಕಡಲ ದಡದ ಉದ್ದಕ್ಕೂ ಗೋಡೆಯ ಹಾಗೆ ಎದ್ದು ನಿಂತ ಕಡಿದಾದ ಬಂಡೆಗಳ ಸಾಲು ಅದು.

ಲ್ಯಾಟಿನ್‌ನಲ್ಲಿ ‘ಪಾಲುಸ್’ ಅಂದರೆ ಗೂಟ. ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂದಾಗ ಪ್ಯಾಲಿಸೇಡ್ ಅಂದರೆ ಕಾವಲಿಗೆ ಒತ್ತೊತ್ತಾಗಿ ನೆಟ್ಟ ಗೂಟದ ಬೇಲಿ. ಬಂಡೆಗಳಿಗೆ ಹೇಳುವಾಗ ಸಾಮಾನ್ಯವಾಗಿ ಬಹುವಚನವೇ. ಕೊನೆಯ ‘ಸ್’ ಬಿಟ್ಟರೆ ಬೇಲಿಯೇ ನೆನಪಾಗುತ್ತದೆ.

ನ್ಯೂಯಾರ್ಕ್ ಎದುರಿಗೆ, ಹಡ್ಸನ್ ನದಿಯ ಪಶ್ಚಿಮ ದಡದಲ್ಲಿ ಸುಮಾರು 30 ಕಿಲೋಮೀಟರ್ ಹೀಗೊಂದು ಸಾಲಿದೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ನುಗ್ಗಿದ ಕರಗಿದ ಕಲ್ಲು ಅಲ್ಲೇ ಆರಿತು. ಆರುತ್ತಾ ಕುಗ್ಗಿ, ಉದ್ದುದ್ದ ಸೀಳಿತು. ಮೇಲಿನ ಮಣ್ಣು, ಕಲ್ಲು ಸವೆದ ಮೇಲೆ ಕಂಬಗಳ ಸಾಲು ಕಂಡಿತು. ಥೇಟ್ ಗೂಟದ ಬೇಲಿ! ಲಾಸ್ ಏಂಜಲೀಸ್ ಕಡೆಯ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಇಂಥ ಕಂಬಗಳಿಲ್ಲ. ಅಲ್ಲಿ ಕಡಲಿನ ಮೇಲೆ ನಿಂತ ಕಡಿದಾದ ಅಂಚಿಗೇ ಆ ಹೆಸರು. ಪದ ಅಷ್ಟು ಹಿಗ್ಗಿದೆ.

ಪಿಯುಸಿಯಲ್ಲಿ ಎಲೆಯ ‘ಪ್ಯಾಲಿಸೇಡ್’ ಜೀವಕೋಶ ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ? ಎಲೆಯ ಮೇಲ್ಪದರದ ಕೆಳಗೆ ಉದ್ದುದ್ದಕ್ಕೆ ಒತ್ತಾಗಿ ನಿಂತ ಕೋಶಗಳು. ಅದೂ ಇದೇ ಬೇಲಿ. ಆಗ ಯಾರಾದರೂ ಇಷ್ಟು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ನಮ್ಮ ಸಾವನದುರ್ಗಕ್ಕೆ ಈ ಪದ ಒಗ್ಗುವುದಿಲ್ಲ. ಅದು ಒಂದೇ ದೊಡ್ಡ ಗುಂಡು ಬಂಡೆ, ಸಾಲಲ್ಲ. ಕಲ್ಲು ಆರುತ್ತಾ ಕಂಬ ಕಂಬವಾಗಿ ಸೀಳುವುದನ್ನು ನೋಡಬೇಕಾದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವಿದೆ. ಎತ್ತರ ಕಡಿಮೆ, ಆದರೆ ಕಲ್ಲಿನ ಕಂಬಗಳು ಕೈಗೇ ಸಿಗುತ್ತವೆ. ಕನ್ನಡದಲ್ಲಿ ‘ಬೇಲಿಬಂಡೆ’ ಅನ್ನಬಹುದು ಅಂತ ನನಗೆ ತೋರುತ್ತದೆ. ನಿನಗೆ ಇನ್ನೂ ಒಳ್ಳೆಯ ಪದ ಹೊಳೆದರೆ ಬರೆ.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ರಾತ್ರಿ ಬಸ್ಸು ಹತ್ತೋಣ.

ನಿನ್ನ ಗೆಳೆಯ