ಹೊಸ ಲಿನಕ್ಸಿನ ಮೇಲೆ ಡಾಕರ್: ಹಳೆಯ ಕೋಡ್‌ನೇಮ್ ಬರೆದು ಕೈತೊಳೆದುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಿಸುವುದು ಕಾಲೇಜು ಲ್ಯಾಬ್‌ಗಳಿಗೂ ಸಣ್ಣ ಕಚೇರಿಗಳಿಗೂ ಒಳ್ಳೆಯ ದಾರಿ. ಹಾಕುವುದಾದರೆ ಹೊಸದನ್ನೇ ಹಾಕೋಣ ಎಂದು ಡೆಬಿಯನ್ 13, ಲಿನಕ್ಸ್ ಮಿಂಟ್ 22 ಅಥವಾ ಉಬುಂಟುವಿನ ಇತ್ತೀಚಿನ ಆವೃತ್ತಿಯನ್ನು ಆರಿಸುವುದೂ ಸರಿಯೇ. ತೊಡಕು ಶುರುವಾಗುವುದು ಅದರ ಮೇಲೆ ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ‘ಕಂಟೇನರ್’ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ತಂತ್ರಾಂಶ) ಹಾಕಲು ಕೂತಾಗ. ಹುಡುಕಿದರೆ ಸಿಗುವ ಸೂಚನೆಗಳಲ್ಲಿ ಬಹಳಷ್ಟು ಹಿಂದಿನ ಆವೃತ್ತಿಗಳಿಗೆ ಬರೆದವು. ಅವನ್ನು ಹಾಗೇ ನಕಲು ಮಾಡಿದರೆ ಏನಾಗುತ್ತದೆ, ಬದಲಿಗೆ ಏನು ಮಾಡಬೇಕು ಎಂಬುದು ನಿಮ್ಮ ಓದುಗರಿಗೆ ತಿಳಿದಿರಲಿ ಎಂದು ಈ ಪತ್ರ.

ಡಾಕರ್ ಕಂಪನಿ ತನ್ನ ರೆಪೊದಲ್ಲಿ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಸಂಗ್ರಹದಲ್ಲಿ) ಪ್ರತಿ ಲಿನಕ್ಸ್ ಆವೃತ್ತಿಗೂ ಬೇರೆ ಫೋಲ್ಡರ್ ಇಡುತ್ತದೆ. ಫೋಲ್ಡರಿಗೆ ಇರುವುದು ಆವೃತ್ತಿಯ ಸಂಖ್ಯೆಯಲ್ಲ, ಅದಕ್ಕೆ ಇಟ್ಟ ಅಡ್ಡಹೆಸರು, ಅಂದರೆ ಕೋಡ್‌ನೇಮ್. ಡೆಬಿಯನ್ 12ಕ್ಕೆ ಬುಕ್‌ವರ್ಮ್, 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಟ್ರಿಕ್ಸಿ, ಉಬುಂಟು 24.04ಕ್ಕೆ ನೋಬಲ್. ಡಿಸ್ಟ್ರೊ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ಬಗೆ) ಬಿಡುಗಡೆಯಾದ ದಿನವೇ ಅದರ ಫೋಲ್ಡರ್ ಸಿದ್ಧವಿರಬೇಕೆಂದೇನೂ ಇಲ್ಲ. ಇಲ್ಲದಿದ್ದರೆ, ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್‌ಗೆ ಅಪ್‌ಡೇಟ್ ಕೊಟ್ಟಾಗ 404 ಬಂದು, ‘ಡಸ್ ನಾಟ್ ಹ್ಯಾವ್ ಎ ರಿಲೀಸ್ ಫೈಲ್’ ಎನ್ನುತ್ತದೆ. ಅದನ್ನು ಗಮನಿಸದೆ ಇನ್‌ಸ್ಟಾಲ್ ಕೊಟ್ಟರೆ ‘ಹ್ಯಾಸ್ ನೋ ಇನ್‌ಸ್ಟಾಲೇಷನ್ ಕ್ಯಾಂಡಿಡೇಟ್’ ಎಂಬ ಎರಡನೇ ದೂರು. ಎರಡಕ್ಕೂ ಕಾರಣ ಒಂದೇ, ಇಂಟರ್ನೆಟ್ ದೋಷವಲ್ಲ. ಬ್ರೌಸರಿನಲ್ಲಿ ಡೌನ್‌ಲೋಡ್.ಡಾಕರ್.ಕಾಮ್ ತೆರೆದು ಲಿನಕ್ಸ್, ಆಮೇಲೆ ಡೆಬಿಯನ್ ಅಥವಾ ಉಬುಂಟು, ಅದರೊಳಗೆ ಡಿಸ್ಟ್ಸ್ ಎಂದು ಹೋಗಿ ನೋಡಿದರೆ ನಿಮ್ಮ ಕೋಡ್‌ನೇಮ್ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಫೋಲ್ಡರ್ ಇದ್ದರೂ ಅದರಲ್ಲಿ ‘ಸ್ಟೇಬಲ್’ ಇದೆಯೇ ಎಂದು ನೋಡಿ. ‘ಟೆಸ್ಟ್’ ಮಾತ್ರ ಇದ್ದರೆ ಕಾಯುವುದೇ ಲೇಸು.

ಲಿನಕ್ಸ್ ಮಿಂಟ್ ಬಳಸುವವರಿಗೆ ಇದೇ ದೋಷ ಬೇರೆ ಕಾರಣಕ್ಕೆ ಬರುತ್ತದೆ. ಮಿಂಟ್ 22ರ ಹೆಸರು ವಿಲ್ಮಾ, 22.1ರದು ಶಿಯಾ, 22.2ರದು ಜಾರಾ. ಹಳೆಯ ಸೂಚನೆಗಳಲ್ಲಿ ಎಲ್‌ಎಸ್‌ಬಿ-ರಿಲೀಸ್ ಕಮಾಂಡಿನಿಂದ ಹೆಸರು ಪಡೆಯುವ ಸಾಲು ಇರುತ್ತದೆ. ಮಿಂಟ್ 22.2 ಯಂತ್ರದಲ್ಲಿ ಅದು ‘ಜಾರಾ’ ಎಂದು ಉತ್ತರಿಸುತ್ತದೆ, ಆ ಹೆಸರಿನ ಫೋಲ್ಡರ್ ಡಾಕರ್ ಬಳಿ ಇರುವುದೇ ಇಲ್ಲ. ಈ ಮೂರೂ ಉಬುಂಟು ನೋಬಲ್ ಮೇಲೆ ಕಟ್ಟಿದವು. ಆದ್ದರಿಂದ ‘ಇಟಿಸಿ’ ಫೋಲ್ಡರಿನ ಓಎಸ್-ರಿಲೀಸ್ ಫೈಲ್ ತೆರೆದು, ‘ಉಬುಂಟು ಕೋಡ್‌ನೇಮ್’ ಎಂಬ ಸಾಲಿನಲ್ಲಿರುವ ಹೆಸರನ್ನು ರೆಪೊದ ವಿಳಾಸವಿರುವ ಸಾಲಿಗೆ ಬರೆಯಬೇಕು. ಡೆಬಿಯನ್ ಮೇಲೆ ಕಟ್ಟಿದ ಮಿಂಟ್ ಆದರೆ (ಎಲ್‌ಎಂಡಿಇ 7) ‘ಡೆಬಿಯನ್ ಕೋಡ್‌ನೇಮ್’ ಸಾಲು ನೋಡಿ. ಅಲ್ಲಿ ಟ್ರಿಕ್ಸಿ ಎಂದಿರುತ್ತದೆ. ಇಲ್ಲಿ ಬರೆಯುತ್ತಿರುವುದು ತಳಪಾಯದ ನಿಜವಾದ ಹೆಸರನ್ನೇ. ಇದು ಸರಿಯಾದ ಕ್ರಮ.

ತಪ್ಪು ಕ್ರಮ ಇನ್ನೊಂದಿದೆ, ಹೆಚ್ಚು ಪ್ರಚಲಿತವಾಗಿರುವುದೂ ಅದೇ. ಹೊಸ ಹೆಸರಿಗೆ ಫೋಲ್ಡರ್ ಇಲ್ಲವೆಂದು ಹಿಂದಿನ ಆವೃತ್ತಿಯ ಹೆಸರನ್ನು ಬರೆದು ಮುಂದೆ ಹೋಗುವುದು. ಹೆಚ್ಚಿನ ಸಲ ಡಾಕರ್ ಇನ್‌ಸ್ಟಾಲ್ ಆಗುತ್ತದೆ, ಓಡುತ್ತದೆ ಕೂಡ, ಆದ್ದರಿಂದಲೇ ಈ ಸಲಹೆ ಹಬ್ಬಿದೆ. ಅಪಾಯ ಇರುವುದು ಆಮೇಲೆ. ಆ ಸಾಲನ್ನು ಎಲ್ಲರೂ ಮರೆಯುತ್ತಾರೆ. ಹಳೆಯ ಆವೃತ್ತಿಯ ಅವಧಿ ಮುಗಿದಾಗ ಡಾಕರ್ ಕಂಪನಿ ಅದಕ್ಕೆ ಹೊಸ ಪ್ಯಾಕೇಜ್ ಕಟ್ಟುವುದನ್ನು ನಿಲ್ಲಿಸುತ್ತದೆ, ಫೋಲ್ಡರನ್ನು ಮಾತ್ರ ತೆಗೆಯುವುದಿಲ್ಲ. ಅಲ್ಲಿಂದ ಮುಂದೆ ಆಪ್ಟ್ ಅಪ್‌ಡೇಟ್ ಯಾವ ದೋಷವನ್ನೂ ತೋರಿಸುವುದಿಲ್ಲ, ಹೊಸದೇನೂ ಬರುವುದೂ ಇಲ್ಲ. 2024ರ ಜನವರಿ 31ರಂದು ರನ್‌ಸಿಯಲ್ಲಿ (ಕಂಟೇನರನ್ನು ನಿಜವಾಗಿ ಓಡಿಸುವ ಒಳಗಿನ ಪ್ರೋಗ್ರಾಮ್) ಒಂದು ದೋಷ ಬಹಿರಂಗವಾಯಿತು. ಕಂಟೇನರಿನ ಒಳಗಿಂದ ಯಂತ್ರದ ಫೈಲುಗಳಿಗೇ ಕೈ ಹಾಕಲು ಅದು ಅವಕಾಶ ಕೊಡುತ್ತಿತ್ತು, ದುರಸ್ತಿ 1.1.12ರಲ್ಲಿ ಬಂತು. ಡಾಕರ್ ರೆಪೊದಿಂದ ಹಾಕಿದವರಿಗೆ ರನ್‌ಸಿ ಬರುವುದು ‘ಕಂಟೇನರ್‌ಡಿ.ಐಒ’ ಪ್ಯಾಕೇಜಿನೊಳಗೆ. ನಿಂತುಹೋದ ಫೋಲ್ಡರಿಗೆ ಕಟ್ಟಿಕೊಂಡ ಯಂತ್ರಕ್ಕೆ ಇಂಥ ದುರಸ್ತಿ ತಲುಪುವುದೇ ಇಲ್ಲ.

ಉಬುಂಟುವನ್ನು ಹಳೆಯದರಿಂದ ಹೊಸದಕ್ಕೆ ಏರಿಸಿದವರೂ ಒಮ್ಮೆ ನೋಡಿಕೊಳ್ಳಬೇಕು. ಅಪ್‌ಗ್ರೇಡ್ ಮಾಡುವಾಗ ಹೊರಗಿನ ರೆಪೊಗಳನ್ನೆಲ್ಲ ಉಬುಂಟು ಸ್ಥಗಿತಗೊಳಿಸುತ್ತದೆ. ಡಾಕರ್ ಓಡುತ್ತಲೇ ಇರುತ್ತದೆ, ಅಪ್‌ಡೇಟ್ ಮಾತ್ರ ನಿಂತಿರುತ್ತದೆ. ಕೋಡ್‌ನೇಮ್ ಬದಲಿಸಿ ಆ ಸಾಲನ್ನು ಮತ್ತೆ ನೀವೇ ಚಾಲೂ ಮಾಡಬೇಕು.

ಹಾಗಾದರೆ ಹೊಸ ಡಿಸ್ಟ್ರೊ ಬಂದ ಮೊದಲ ವಾರಗಳಲ್ಲಿ ಏನು ಮಾಡುವುದು? ಡಿಸ್ಟ್ರೊದ್ದೇ ಪ್ಯಾಕೇಜ್ ಹಾಕಿ. ಡೆಬಿಯನ್, ಉಬುಂಟು ಎರಡರಲ್ಲೂ ಅದರ ಹೆಸರು ‘ಡಾಕರ್.ಐಒ’. ಆವೃತ್ತಿ ತುಸು ಹಿಂದಿನದಾಗಿರುತ್ತದೆ (ಟ್ರಿಕ್ಸಿಯಲ್ಲಿ 26.1), ಆದರೆ ಅದೇ ಕರ್ನಲ್, ಅದೇ ಲೈಬ್ರರಿಗಳ ಮೇಲೆ ಕಟ್ಟಿದ್ದು. ಪಠ್ಯಕ್ರಮದ ಪ್ರಯೋಗಗಳಿಗೆ ಇದು ಧಾರಾಳ ಸಾಕು. ಟ್ರಿಕ್ಸಿಯಲ್ಲಿ ಒಂದು ಎಚ್ಚರ: ‘ಡಾಕರ್’ ಎಂಬ ಕಮಾಂಡ್ ಈಗ ‘ಡಾಕರ್-ಸಿಎಲ್‌ಐ’ ಎಂಬ ಬೇರೆ ಪ್ಯಾಕೇಜಿನಲ್ಲಿದೆ. ಜಾಗ ಉಳಿಸಲು ‘ನೋ ಇನ್‌ಸ್ಟಾಲ್ ರೆಕಮೆಂಡ್ಸ್’ ಕೊಟ್ಟವರಿಗೆ ಸರ್ವಿಸ್ ಓಡುತ್ತಿರುತ್ತದೆ, ಕಮಾಂಡ್ ಮಾತ್ರ ‘ನಾಟ್ ಫೌಂಡ್’. ‘ಡಾಕರ್.ಐಒ’, ‘ಡಾಕರ್-ಸಿಎಲ್‌ಐ’, ‘ಡಾಕರ್-ಕಂಪೋಸ್’ ಮೂರನ್ನೂ ಹೆಸರು ಹಿಡಿದೇ ಹಾಕಿ. ಉಬುಂಟು ಸರ್ವರ್ ಇನ್‌ಸ್ಟಾಲರ್ ಕೊನೆಯಲ್ಲಿ ತೋರಿಸುವ ಪಟ್ಟಿಯಲ್ಲೂ ಡಾಕರ್ ಇರುತ್ತದೆ, ಅದು ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್. ಹೋಮ್ ಫೋಲ್ಡರಿನ ಹೊರಗಿನ ಫೈಲುಗಳನ್ನು ಅದರ ಕಂಟೇನರುಗಳಿಗೆ ಜೋಡಿಸಲು ಹೋದರೆ ಸಿಗುವುದಿಲ್ಲ. ಅದನ್ನು ಆರಿಸಬೇಡಿ.

ಡಾಕರ್ ಕಂಪನಿಯ ರೆಪೊವೇ ಬೇಕೆನ್ನುವವರು, ಕೋಡ್‌ನೇಮ್ ಫೋಲ್ಡರ್ ಇದೆ ಎಂದು ಖಚಿತಪಡಿಸಿಕೊಂಡ ಮೇಲೆ, ಮೊದಲು ಡಿಸ್ಟ್ರೊದ ‘ಡಾಕರ್.ಐಒ’, ‘ಕಂಟೇನರ್‌ಡಿ’, ‘ರನ್‌ಸಿ’, ‘ಪಾಡ್‌ಮನ್-ಡಾಕರ್’ ಪ್ಯಾಕೇಜುಗಳನ್ನು ತೆಗೆಯಬೇಕು, ಇಲ್ಲದಿದ್ದರೆ ಎರಡೂ ಒಂದೇ ಫೈಲುಗಳಿಗೆ ಜಗಳವಾಡುತ್ತವೆ. ಹಳೆಯ ಸೂಚನೆಗಳ ‘ಆಪ್ಟ್-ಕೀ ಆ್ಯಡ್’ ಸಾಲು ಟ್ರಿಕ್ಸಿಯಲ್ಲಿ ನಡೆಯುವುದಿಲ್ಲ, ಆ ಕಮಾಂಡನ್ನೇ ತೆಗೆದುಹಾಕಿದ್ದಾರೆ. ಪ್ಯಾಕೇಜುಗಳು ಅಸಲಿಯೇ ಎಂದು ಪರೀಕ್ಷಿಸುವ ಕೀಲಿಯನ್ನು ‘ಇಟಿಸಿ’ಯ ‘ಆಪ್ಟ್’ ಒಳಗಿನ ‘ಕೀರಿಂಗ್ಸ್’ ಫೋಲ್ಡರಿಗೆ ಇಳಿಸಿ, ರೆಪೊ ಫೈಲಿನಲ್ಲಿ ‘ಸೈನ್ಡ್-ಬೈ’ ಎಂದು ಅದರ ದಾರಿ ಬರೆಯಬೇಕು. ಆ ಕೀಲಿ ಫೈಲನ್ನು ಎಲ್ಲರೂ ಓದಬಹುದಾದ ಅನುಮತಿ ಕೊಡುವುದನ್ನು ಬಿಡಬೇಡಿ. ಆಪ್ಟ್ ಅದನ್ನು ರೂಟ್ (ಪೂರ್ಣ ಅಧಿಕಾರವಿರುವ ಖಾತೆ) ಅಲ್ಲದ ಬಳಕೆದಾರನಾಗಿ ಓದುತ್ತದೆ, ಓದಲಾಗದಿದ್ದರೆ ‘ನೋ ಪಬ್‌ಕೀ’ ಎಂದು ಬರುತ್ತದೆ, ನೋಡಿದವರು ಕೀಲಿಯೇ ತಪ್ಪೆಂದು ಮತ್ತೆ ಮತ್ತೆ ಇಳಿಸುತ್ತಾ ಕೂರುತ್ತಾರೆ. ಇನ್ನು ಗೆಟ್.ಡಾಕರ್.ಕಾಮ್‌ನ ಒಂದೇ ಸಾಲಿನ ಸ್ಕ್ರಿಪ್ಟ್. ಗಂಭೀರ ಬಳಕೆಯ ಸರ್ವರುಗಳಿಗೆ ಅದು ಬೇಡವೆಂದು ಡಾಕರ್‌ನ ಕೈಪಿಡಿಯೇ ಹೇಳುತ್ತದೆ.

ಡಾಕರ್ ಆವೃತ್ತಿ 29ರ ಬಗ್ಗೆ ಎರಡು ಮಾತು. ಹೊಸದಾಗಿ ಹಾಕಿದಾಗ ಇದು ಇಮೇಜುಗಳನ್ನು (ಕಂಟೇನರ್ ಹುಟ್ಟುವ ಸಿದ್ಧ ಕಟ್ಟುಗಳನ್ನು) ಇಡುವುದು ‘ವಾರ್’ ಫೋಲ್ಡರಿನ ‘ಲಿಬ್’ ಒಳಗಿನ ‘ಕಂಟೇನರ್‌ಡಿ’ಯಲ್ಲಿ, ಹಿಂದಿನಂತೆ ‘ಡಾಕರ್’ನಲ್ಲಿ ಅಲ್ಲ. ಹಳೆಯ ಜಾಗಕ್ಕೆಂದು ಬೇರೆ ಡಿಸ್ಕ್ ಜೋಡಿಸಿಟ್ಟವರ ರೂಟ್ ಪಾರ್ಟಿಷನ್ ತುಂಬಿಹೋಗುತ್ತದೆ. ಜೊತೆಗೆ ಎಪಿಐ (ಉಪಕರಣಗಳು ಡಾಕರ್ ಜೊತೆ ಮಾತಾಡುವ ಭಾಷೆ) 1.44ಕ್ಕಿಂತ ಹಳೆಯದನ್ನು ಮಾತಾಡುವ ಉಪಕರಣಗಳಿಗೆ 29.0 ಉತ್ತರಿಸುವುದಿಲ್ಲ; ‘ಕ್ಲೈಂಟ್ ವರ್ಷನ್ ಈಸ್ ಟೂ ಓಲ್ಡ್’ ಎಂದು ಕಂಡರೆ ಆ ಉಪಕರಣವನ್ನು ಹೊಸದಾಗಿಸಬೇಕು.

ಹೊಸ ಡಿಸ್ಟ್ರೊಗೂ ಡಾಕರ್‌ಗೂ ಕಾಲ ಕೂಡಿಬರದಿದ್ದರೆ ಎಷ್ಟು ತೊಂದರೆ ಎಂಬುದಕ್ಕೆ ಫೆಡೊರಾ 31 ಸಾಕ್ಷಿ. 2019ರ ಅಕ್ಟೋಬರಿನಲ್ಲಿ ಬಂದ ಅದು ಸಿಗ್ರೂಪ್‌ನ (ಪ್ರೋಗ್ರಾಮುಗಳಿಗೆ ಮೆಮೊರಿ, ಸಿಪಿಯು ಹಂಚುವ ಕರ್ನಲ್ ವ್ಯವಸ್ಥೆಯ) ಎರಡನೇ ಆವೃತ್ತಿಗೆ ಬದಲಾಯಿತು. ಡಾಕರ್ ಅದನ್ನು ಬೆಂಬಲಿಸಿದ್ದು 2020ರ ಡಿಸೆಂಬರಿನ 20.10ರಲ್ಲಿ. ನಡುವಿನ ವರ್ಷಕ್ಕೂ ಮೀರಿದ ಅವಧಿಯಲ್ಲಿ ಕರ್ನಲ್‌ಗೆ ಹಳೆಯ ಸಿಗ್ರೂಪ್ ಬಳಸೆಂದು ಬೂಟ್ ಆಯ್ಕೆ ಕೊಡದೆ ಕಂಟೇನರ್ ಏಳುತ್ತಿರಲಿಲ್ಲ.

ಲ್ಯಾಬ್‌ಗಳಿಗೆ ಸಂಬಂಧಿಸಿದ ಮಾತು ಇನ್ನೂ ಮುಖ್ಯ. ಲಾಗಿನ್ ಇಲ್ಲದೆ ಡಾಕರ್ ಹಬ್‌ನಿಂದ (ಇಮೇಜುಗಳ ಸಾರ್ವಜನಿಕ ಸಂಗ್ರಹ) ಇಳಿಸಲು ಒಂದು ಐಪಿ ವಿಳಾಸಕ್ಕೆ ಆರು ಗಂಟೆಗೆ 100 ಇಮೇಜ್ ಎಂಬ ಮಿತಿಯಿದೆ. ಇಡೀ ಕಾಲೇಜು ಹೊರಗೆ ಕಾಣುವುದು ಒಂದೇ ಐಪಿಯಲ್ಲಿ. 60 ಯಂತ್ರಗಳ ಲ್ಯಾಬಿನಲ್ಲಿ ತಲಾ ಎರಡು ಇಮೇಜ್ ಇಳಿಸಲು ಹೊರಟರೆ 120 ಆಯಿತು; ಕೊನೆಯ ಸಾಲಿನವರಿಗೆ ‘ಟೂ ಮೆನಿ ರಿಕ್ವೆಸ್ಟ್ಸ್’. ಪ್ರಾಯೋಗಿಕ ಪರೀಕ್ಷೆಯ ದಿನ ಇದು ವಿದ್ಯಾರ್ಥಿಯ ತಪ್ಪಾಗಿ ಕಾಣುತ್ತದೆ, ಅದು ಅನ್ಯಾಯ. ಒಂದು ಯಂತ್ರದಲ್ಲಿ ಇಳಿಸಿ, ‘ಡಾಕರ್ ಸೇವ್’ನಿಂದ ಟಾರ್ ಫೈಲ್ ಮಾಡಿ, ಉಳಿದವುಗಳಿಗೆ ‘ಡಾಕರ್ ಲೋಡ್’ ಮಾಡಿದರೆ ಆಯಿತು. ವರ್ಷವಿಡೀ ಬಳಸುವುದಾದರೆ ಲ್ಯಾಬ್ ಸರ್ವರಿನಲ್ಲಿ ‘ರಿಜಿಸ್ಟ್ರಿ’ ಇಮೇಜನ್ನು ಕ್ಯಾಶ್ ಆಗಿ ಓಡಿಸಿ, ಡಾಕರ್ ಸೆಟ್ಟಿಂಗ್‌ಗಳಿರುವ ‘ಡೀಮನ್.ಜೆಸನ್’ ಫೈಲಿನ ‘ರಿಜಿಸ್ಟ್ರಿ-ಮಿರರ್ಸ್’ನಲ್ಲಿ ಅದರ ವಿಳಾಸ ಕೊಡಿ.

ಡಾಕರ್ ತಾನೇ ಆರಿಸಿಕೊಳ್ಳುವ ವಿಳಾಸ 172.17.0.0/16. ಕ್ಯಾಂಪಸ್ ನೆಟ್‌ವರ್ಕ್ ಅದೇ ವ್ಯಾಪ್ತಿಯಲ್ಲಿದ್ದರೆ ಡಾಕರ್ ಹಾಕಿದ ಕ್ಷಣವೇ ಆ ಯಂತ್ರಕ್ಕೆ ಕಾಲೇಜಿನ ಸರ್ವರ್ ಕಾಣದಾಗುತ್ತದೆ. ಅದೇ ‘ಡೀಮನ್.ಜೆಸನ್’ನಲ್ಲಿ ‘ಬಿಐಪಿ’ಗೆ 10.200.0.1/24, ‘ಡಿಫಾಲ್ಟ್-ಅಡ್ರೆಸ್-ಪೂಲ್ಸ್’ಗೆ 10.201.0.0/16, ಗಾತ್ರ 24 ಎಂದು ಕೊಡಬಹುದು. ಅವೂ ಬೇರೆಡೆ ಬಳಕೆಯಲ್ಲಿ ಇರಬಾರದು. ಆ ಫೈಲಿನಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೂ ಡಾಕರ್ ಏಳುವುದಿಲ್ಲ. ರೀಸ್ಟಾರ್ಟ್‌ಗೆ ಮುನ್ನ ‘ಡಾಕರ್‌ಡಿ’ಗೆ ‘ವ್ಯಾಲಿಡೇಟ್’ ಆಯ್ಕೆ ಕೊಟ್ಟು ಪರೀಕ್ಷಿಸಿ.

ಯುಎಫ್‌ಡಬ್ಲ್ಯು ಫೈರ್‌ವಾಲ್ ಇದೆಯೆಂದು ನೆಮ್ಮದಿಯಿಂದ ಇರುವಂತಿಲ್ಲ. ಡಾಕರ್ ತೆರೆದ ಪೋರ್ಟಿನ ಪ್ಯಾಕೆಟ್‌ಗಳು ಯುಎಫ್‌ಡಬ್ಲ್ಯು ಕಾಯುವ ಬಾಗಿಲಿಗೆ ಬರದೆ ಬೇರೆ ದಾರಿಯಲ್ಲಿ ಕಂಟೇನರ್ ಸೇರುತ್ತವೆ. ‘3306:3306’ ಎಂದು ಬರೆದ ಮೈಎಸ್‌ಕ್ಯುಎಲ್ ಇಡೀ ಕ್ಯಾಂಪಸ್ಸಿಗೆ ತೆರೆದಿರುತ್ತದೆ. ‘127.0.0.1:3306:3306’ ಎಂದು ಬರೆದರೆ ಆ ಯಂತ್ರಕ್ಕಷ್ಟೇ ಸೀಮಿತ.

ವಿದ್ಯಾರ್ಥಿಗಳನ್ನು ‘ಡಾಕರ್’ ಗ್ರೂಪಿಗೆ ಸೇರಿಸುವುದೂ ಒಂದೇ, ರೂಟ್ ಪಾಸ್‌ವರ್ಡ್ ಕೊಡುವುದೂ ಒಂದೇ: ಯಂತ್ರದ ಇಡೀ ಡಿಸ್ಕನ್ನು ಕಂಟೇನರಿಗೆ ಜೋಡಿಸಿ ಏನನ್ನಾದರೂ ಬದಲಿಸಬಹುದು. ಹಂಚಿಕೊಂಡು ಬಳಸುವ ಯಂತ್ರಗಳಿಗೆ ನನ್ನ ಆಯ್ಕೆ ಡಾಕರ್‌ನಂಥದೇ ಇನ್ನೊಂದು ಸಾಧನವಾದ ಪಾಡ್‌ಮನ್. ಡಿಸ್ಟ್ರೊದ ರೆಪೊದಲ್ಲೇ ಸಿಗುತ್ತದೆ, ರೂಟ್ ಅಧಿಕಾರವಿಲ್ಲದೆ ಓಡುತ್ತದೆ, ಇಮೇಜಿನ ಪೂರ್ಣ ಹೆಸರು ಕೊಟ್ಟರೆ ಹೆಚ್ಚಿನ ಕಮಾಂಡುಗಳು ಹಾಗೇ ನಡೆಯುತ್ತವೆ. ಎಲ್‌ಡಿಎಪಿ (ಎಲ್ಲರ ಖಾತೆಗಳೂ ಒಂದೇ ಸರ್ವರಿನಲ್ಲಿರುವ ವ್ಯವಸ್ಥೆ) ಲಾಗಿನ್ ಇರುವಲ್ಲಿ ‘ಇನ್‌ಸಫಿಷಿಯೆಂಟ್ ಯುಐಡಿಸ್’ ಎಂದು ಬರುವುದು ಸಾಮಾನ್ಯ. ಯಂತ್ರದಲ್ಲೇ ಸೃಷ್ಟಿಸಿದ ಬಳಕೆದಾರರಿಗೆ ‘ಸಬ್‌ಯುಐಡಿ’, ‘ಸಬ್‌ಜಿಐಡಿ’ ಫೈಲುಗಳಲ್ಲಿ ಕಂಟೇನರಿನೊಳಗಿನ ಖಾತೆಗಳಿಗೆ ಬೇಕಾದ ತಲಾ 65536 ಗುರುತಿನ ಸಂಖ್ಯೆಗಳು ತಾನಾಗಿ ಸೇರುತ್ತವೆ, ಎಲ್‌ಡಿಎಪಿಯವರಿಗೆ ಸೇರುವುದಿಲ್ಲ. ಒಬ್ಬರದು ಇನ್ನೊಬ್ಬರದರ ಮೇಲೆ ಬೀಳದಂತೆ ಕೈಯಿಂದ ಬರೆಯಬೇಕು. ಹೋಮ್ ಫೋಲ್ಡರ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ ಡಿಸ್ಕ್) ಮೇಲಿದ್ದರೆ ಇಮೇಜ್ ಬಿಚ್ಚುವಾಗಲೇ ಎಡವುತ್ತದೆ, ‘ಸ್ಟೋರೇಜ್.ಕಾನ್ಫ್’ನಲ್ಲಿ ‘ರೂಟ್‌ಲೆಸ್ ಸ್ಟೋರೇಜ್ ಪಾತ್’ ಅನ್ನು ಆ ಯಂತ್ರದ ಸ್ವಂತ ಡಿಸ್ಕಿಗೆ ತಿರುಗಿಸಿ.

ಒಂದು ಯಂತ್ರ ಸಿದ್ಧ ಮಾಡಿ ಲ್ಯಾಬಿಗೆಲ್ಲ ಕ್ಲೋನ್ ಮಾಡುವವರು ‘ಹಲೋ-ವರ್ಲ್ಡ್’ ಓಡಿತೆಂದು ನಿಲ್ಲಿಸಬಾರದು. ಅದು ನೆಟ್‌ವರ್ಕ್ ಮುಟ್ಟುವುದಿಲ್ಲ, ಡಿಸ್ಕ್ ಜೋಡಿಸುವುದಿಲ್ಲ. ಕಂಟೇನರಿನ ಒಳಗಿಂದ ಒಂದು ಹೊರಗಿನ ಹೆಸರು ವಿಳಾಸಕ್ಕೆ ತಿರುಗುತ್ತದೆಯೇ, ಪಕ್ಕದ ಯಂತ್ರದಿಂದ ಅದರ ವೆಬ್ ಪುಟ ತೆರೆಯುತ್ತದೆಯೇ, ಹೋಮ್ ಫೋಲ್ಡರಿನ ಫೈಲ್ ಒಳಗೆ ಕಾಣುತ್ತದೆಯೇ ನೋಡಿ. ಆಮೇಲೆ ಯಂತ್ರವನ್ನು ರೀಬೂಟ್ ಮಾಡಿ, ಸರ್ವಿಸ್ ತಾನಾಗಿ ಎದ್ದಿತೇ ಎಂದು ನೋಡಿ, ಈ ಮೂರನ್ನೂ ಇನ್ನೊಮ್ಮೆ ಮಾಡಿ. ಕ್ಲೋನ್ ಇಮೇಜ್ ತೆಗೆಯುವುದು ಅದಾದ ಮೇಲೆ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇಂಥ ಸೂಚನೆಗಳನ್ನು ಪ್ರಕಟಿಸುವಾಗ ಅವು ಯಾವ ಡಿಸ್ಟ್ರೊದ ಯಾವ ಆವೃತ್ತಿಗೆ, ಯಾವ ತಿಂಗಳಲ್ಲಿ ಪರೀಕ್ಷಿಸಿದ್ದು ಎಂಬುದನ್ನು ಮೊದಲ ಸಾಲಿನಲ್ಲೇ ಕೊಡಬೇಕೆಂದು ಕೋರುತ್ತೇನೆ.

ಇತಿ,
ಕಾಲೇಜು ಲ್ಯಾಬ್‌ಗಳ ಸಿಸ್ಟಂ ನಿರ್ವಾಹಕ, ದಾವಣಗೆರೆ