ತಕ್ಕಡಿಯ ಮುಂದೆ ದೇವರನ್ನು ತಿಳಿಯುವುದು

ಬೀದರ

ಪ್ರೀತಿಯ ಮಗಾ,

ಕರ್ತನಾದ ಯೇಸುವಿನ ಹೆಸರಿನಲ್ಲಿ ವಂದನೆ. ಕಲಬುರಗಿಯ ಗಂಜ್‌ನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಲೆಕ್ಕ ಬರೆಯುವ ಕೆಲಸ ನಿನಗೆ ಸಿಕ್ಕಿತೆಂದು ಕೇಳಿ ಮನೆಯವರೆಲ್ಲ ಸ್ತೋತ್ರ ಹೇಳಿದೆವು. ದೇವರನ್ನು ನಿಜವಾಗಿ ತಿಳಿಯುವುದೆಂದರೆ ಏನು ಅಂತ ಕೇಳಿದ್ದಿಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಮೊದಲು 1 ಸಮುವೇಲ 2ನೆಯ ಅಧ್ಯಾಯ ಓದು. ಯಾಜಕ ಏಲಿ ಎಂಬವನ ಮಕ್ಕಳೂ ಯಾಜಕರೇ. ಹುಟ್ಟಿದ್ದು ಬೆಳೆದಿದ್ದು ದೇವರ ಸೇವೆಯ ಮನೆತನದಲ್ಲಿ. ಆದರೂ 12ನೆಯ ವಚನ ಅವರು ಯೆಹೋವನನ್ನು ತಿಳಿದವರಲ್ಲ ಅನ್ನುತ್ತದೆ. ಜನ ತಂದ ಬಲಿಯ ಮಾಂಸವನ್ನು ದೇವರ ಪಾಲು ಅರ್ಪಿಸುವ ಮೊದಲೇ ಜಬರದಸ್ತಿಯಿಂದ ಕಿತ್ತುಕೊಳ್ಳುತ್ತಿದ್ದರು. ನಮ್ಮಂಥವರಿಗೆ, ಅಜ್ಜನ ಕಾಲದಿಂದ ಚರ್ಚಿಗೆ ಹೋಗುವವರಿಗೆ, ಇದು ಭಯ ಹುಟ್ಟಿಸಬೇಕು.

ಆಮೇಲೆ ಯೆರೆಮೀಯ 22. ಅರಸ ಯೆಹೋಯಾಕೀಮ ದೇವದಾರು ಹೊದಿಸಿ, ಕೆಂಪು ಬಣ್ಣ ಬಳಿಸಿ ದೊಡ್ಡ ಮನೆ ಕಟ್ಟಿಸುತ್ತಾನೆ, ಕೆಲಸದವರಿಗೆ ಕೂಲಿ ಕೊಡುವುದಿಲ್ಲ. ಅವನ ತಂದೆ ಯೋಷೀಯ ಬಡವರ, ದಿಕ್ಕಿಲ್ಲದವರ ನ್ಯಾಯ ತೀರಿಸುತ್ತಿದ್ದ. ನನ್ನನ್ನು ತಿಳಿಯುವುದು ಅಂದರೆ ಇದೇ ಅಲ್ಲವೇ ಎಂದು ದೇವರು ಕೇಳುತ್ತಾನೆ, 16ನೆಯ ವಚನದಲ್ಲಿ. ನಿನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣುವುದಿಲ್ಲ.

ಹಾಗಾದರೆ ಗಂಜ್‌ನಲ್ಲಿ ಎಲ್ಲಿ ಎಚ್ಚರವಾಗಿರಬೇಕು? ತೂಕದಲ್ಲಿ ಮತ್ತು ಕೂಲಿಯಲ್ಲಿ. ತೊಗರಿ ಚೀಲದ ತೂಕಕ್ಕೆಂದು ಒಂದು ಕೆ.ಜಿ. ಮುರಿಯಬೇಕಾದ ಕಡೆ ಎರಡು ಮುರಿದರೆ ರೈತನಿಗೆ ಅದು ಕಾಣುವುದಿಲ್ಲ. 100 ಚೀಲಕ್ಕೆ ಒಂದು ಕ್ವಿಂಟಲ್ ಹೋಯಿತು, ಅದನ್ನು ಬರೆದದ್ದು ನಿನ್ನ ಪೆನ್ನು. ಧರ್ಮೋಪದೇಶಕಾಂಡ 25:13ರಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಅಂತ ಎರಡು ತೂಕದ ಕಲ್ಲುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಲೇಬೇಡ ಅಂತ ಇದೆ. ಬಳಸಬೇಡ ಅಂತಷ್ಟೇ ಅಲ್ಲ, ಇಟ್ಟುಕೊಳ್ಳುವುದೇ ತಪ್ಪು. ಹಮಾಲರ ಕೂಲಿಯ ಬಗ್ಗೆ ಅದೇ ಪುಸ್ತಕದ 24:15 ನೋಡು: ಹೊತ್ತು ಮುಳುಗುವ ಮೊದಲು ಕೊಡು. ವಾರದ ಚುಕ್ತಾ ಶನಿವಾರ ಅಂತ ಮಾತಾಗಿದ್ದರೆ ಶನಿವಾರವೇ ಕೈಗೆ ಮುಟ್ಟಬೇಕು. ಸೋಮವಾರ ಬಾ ಅನ್ನುವ ಮಾತು ನಿನ್ನ ಬಾಯಿಂದ ಬರಬಾರದು.

ತಪ್ಪು ಆಗೇ ಆಗುತ್ತದೆ. ಆದಾಗ ಪ್ರಾರ್ಥನೆ ಮಾಡಿ ಅತ್ತರೆ ಸಾಲದು. ಯಾಜಕಕಾಂಡ 6:5ರ ಲೆಕ್ಕ ಅಸಲು ಮತ್ತು ಅದರ ಐದರಲ್ಲಿ ಒಂದು ಪಾಲು: 500 ರೂಪಾಯಿ ಅನ್ಯಾಯವಾಗಿದ್ದರೆ 600 ಕೊಡಬೇಕು. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ ತಾನಾಗಿಯೇ ನಾಲ್ಕರಷ್ಟು ಕೊಡುತ್ತೇನೆ ಅಂದ. ನೀನು ಐದನೆಯ ಪಾಲಿನಿಂದ ಶುರು ಮಾಡು.

ಸಾಹುಕಾರರೇ ತಪ್ಪು ಬರೆಯಲು ಹೇಳಿದರೆ? ನಾಲ್ಕು ಮಂದಿಯ ಮುಂದೆ ವಾದ ಬೇಡ. ಅಂಗಡಿ ಖಾಲಿಯಾದ ಮೇಲೆ ಹೋಗಿ, "ಸಾಹುಕಾರ್ರೇ, ನೀವು ಹೇಳಿದ ಉಳಿದ ಕೆಲಸ ಎಲ್ಲಾ ಮಾಡ್ತೀನಿ, ಇದೊಂದು ನನ್ನಿಂದ ಆಗಂಗಿಲ್ರಿ" ಅನ್ನು. ಅದಕ್ಕಾಗಿ ಈಗಲೇ ಎರಡು ತಿಂಗಳ ಖರ್ಚಿನಷ್ಟು ರೊಕ್ಕ ಕೂಡಿಡು. ಬಾಡಿಗೆ ಕಟ್ಟಲು ಕೈಯಲ್ಲಿ ಏನೂ ಇಲ್ಲದವನಿಗೆ ಇಲ್ಲ ಅನ್ನುವ ಧೈರ್ಯ ಬರುವುದಿಲ್ಲ. ವಿಶ್ವಾಸವಿದ್ದರೂ ಬಹಳ ಹುಡುಗರು ಬೀಳುವುದು ಇಲ್ಲೇ.

ಆದರೆ ಮಗಾ, ಇದನ್ನೆಲ್ಲ ಮಾಡಿ ದೇವರ ಮೆಚ್ಚುಗೆ ಗಳಿಸುತ್ತೇನೆ ಅಂದುಕೊಳ್ಳಬೇಡ. ಎಫೆಸ 2:8ರಿಂದ 10ರವರೆಗೆ ಒಂದೇ ಉಸಿರಿನಲ್ಲಿ ಓದು. ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ. ಆದರೆ ಸತ್ಕ್ರಿಯೆಗಾಗಿಯೇ ನಮ್ಮನ್ನು ಉಂಟುಮಾಡಿದ್ದಾನೆ. 9ಕ್ಕೆ ನಿಲ್ಲಿಸುವವರು ಸೋಮಾರಿಗಳಾಗುತ್ತಾರೆ, 10ನ್ನಷ್ಟೇ ಹಿಡಿದವರು ಅಹಂಕಾರಿಗಳಾಗುತ್ತಾರೆ.

ಓದುವ ರೀತಿ ಹೇಳುತ್ತೇನೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದರಂತೆ ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ ತಪ್ಪಿದ್ದನ್ನು ಓದಿಕೊ. ಮಾರ್ಕನಿಂದ ಶುರು ಮಾಡು, 16 ಅಧ್ಯಾಯ. ಬೆಳಗ್ಗೆ ಮೊಬೈಲ್ ಮುಟ್ಟುವ ಮೊದಲು, ಬಾಯಿಬಿಟ್ಟು, ಎರಡು ಸಲ. ನಮ್ಮ ಹಳೆಯ ಸತ್ಯವೇದ ಗ್ರಂಥದ ಕನ್ನಡ ಕಣ್ಣಿಂದ ಓದಿದರೆ ಜಾರಿಹೋಗುತ್ತದೆ, ಕಿವಿಗೆ ಬಿದ್ದರೆ ನಿಲ್ಲುತ್ತದೆ. ದೇವರು ಎಂಥವನು ಅಂತ ಈ ಅಧ್ಯಾಯ ತೋರಿಸುತ್ತದೆ ಅನ್ನುವುದನ್ನು ವಹಿಯಲ್ಲಿ ಒಂದು ಸಾಲು ಬರಿ. ಅದರ ಕೆಳಗೆ ಇವತ್ತು ಸಂಜೆಯೊಳಗೆ ಮಾಡುವ ಒಂದು ಕೆಲಸ, ಯಾರಿಗೆ, ಯಾವಾಗ ಅನ್ನುವುದರ ಸಮೇತ. "ಪ್ರೀತಿಯಿಂದ ಇರುತ್ತೇನೆ" ಅಂತ ಬರೆದರೆ ಆಗುವುದಿಲ್ಲ. "ಪಕ್ಕದ ಖೋಲಿಯ ಜ್ವರದ ಹುಡುಗನಿಗೆ ಗಂಜಿ ಒಯ್ಯುತ್ತೇನೆ" ಅಂದರೆ ಆಗುತ್ತದೆ. ಮಲಗುವಾಗ ಮಾಡಿದ್ದರೆ ಗೆರೆ ಎಳಿ, ಮಾಡದಿದ್ದರೆ ಅದನ್ನೇ ನಾಳೆಗೆ ಬರಿ. ಯಾಕೋಬ 1ರಲ್ಲಿ ಕನ್ನಡಿ ನೋಡಿ ತನ್ನ ಮುಖ ಮರೆತು ಹೋಗುವವನು ಈ ಎರಡನೆಯ ಸಾಲು ಬರೆಯದವನು.

ಮೊಬೈಲಿಗೆ ಬರುವ ದಿನದ ವಾಗ್ದಾನವನ್ನೇ ಊಟ ಮಾಡಿಕೊಳ್ಳಬೇಡ. ಯೆರೆಮೀಯ 29:11 ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತದೆ, ಒಳ್ಳೆಯ ಗತಿಯಾಗಲಿ ಅನ್ನುವ ವಚನ. ಅದರ ಹಿಂದಿನ ವಚನದಲ್ಲಿ 70 ವರ್ಷ ಅಂತ ಇದೆ! ಬಾಬೆಲಿಗೆ ಸೆರೆಹೋದ ಜನಕ್ಕೆ ಬರೆದ ಪತ್ರ ಅದು. 7ನೆಯ ವಚನದಲ್ಲಿ ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ ಅಂತ ಹೇಳಿದೆ. ಕಲಬುರಗಿಯಲ್ಲಿ ಒಂಟಿ ಅನ್ನಿಸಿದಾಗ ಅದನ್ನು ತೆಗೆದು ಓದು.

ಇನ್ನೊಂದು ಮಾತು. ಹೊಲದ ಬದುವಿನ ವಿಷಯಕ್ಕೆ ನಿನ್ನ ಕಾಕಾನ ಮಗ ನಿನ್ನ ಮೇಲೆ ಮುನಿಸಿಕೊಂಡಿದ್ದಾನೆ. ತಪ್ಪು ಅವನದೇ ಅನ್ನುತ್ತಿ. ಮತ್ತಾಯ 5:23ರಲ್ಲಿ ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತಿಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ ಇದೆ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಬೇಕಾದವನು ನೀನು. ಬರುವ ರವಿವಾರ ಕರ್ತನ ಭೋಜನವಿದೆ. ಶನಿವಾರ ಸಂಜೆಯೇ ಬಂದು, ಯಾರನ್ನೂ ಕರೆದುಕೊಳ್ಳದೆ ಅವನ ಮನೆಗೆ ಹೋಗು. ದೊಡ್ಡವ್ವ ಇಬ್ಬರಿಗೂ ಸೇರಿಸಿ ರೊಟ್ಟಿ ಬಡಿಯುತ್ತಾಳಂತೆ.

ನಿನ್ನ ದೊಡ್ಡಪ್ಪ